ಗಿರ್ರೆನ್ನುವ ಕೈಮಷಿನ್ನು, ಹೆಂಡತಿಯ ಎಚ್ಚರಿಕೆ

ನಾನು ಸುಮ್ಮನೆ ಕೂತಿದ್ದರೂ ಪಜೀತಿಗಳು ವಿಳಾಸ ಕೇಳಿಕೊಂಡು ಮನೆಗೆ ಬರುತ್ತವೆ. ಎಪ್ಪತ್ತರ ದಶಕದಲ್ಲಿ, ಹ್ಯೂಸ್ಟನ್‌ನಲ್ಲಿ ಇಂಜಿನಿಯರ್ ಆಗಿದ್ದಾಗ, ಅಂಥ ಒಂದನ್ನು ನಾನೇ ಅಂಗಡಿಯಿಂದ ತಂದೆ. ಜೋಳದ ತೆನೆ ಗಾತ್ರದ, ಕರೆಂಟಿನ ಕೈಮಷಿನ್ನು. ಮೂತಿಗೆ ಪುಟಾಣಿ ಬ್ಲೇಡೋ ಕಲ್ಲೋ ಸಿಕ್ಕಿಸಿದರೆ ಗಿರ್ರನೆ ತಿರುಗುತ್ತಿತ್ತು. ಕೊಯ್ಯಬಹುದು, ಉಜ್ಜಬಹುದು, ಕೆತ್ತಬಹುದು. ನನ್ನ ಖುಷಿ ಕೇಳಬೇಡಿ! ಹೆಂಡತಿ ಧಾರವಾಡದವಳು. ಮೊದಲ ದಿನವೇ ಹೇಳಿಬಿಟ್ಟಳು, "ನೋಡ್ರಿ, ಏನರೆ ಅನಾಹುತ ಆತಂದ್ರ ಈ ಮಷಿನ್ ಈ ಮನ್ಯಾಗ ಇರೂದಿಲ್ಲ." ಅಂದಿನಿಂದ ಅದನ್ನು ಉಳಿಸಿಕೊಳ್ಳುವುದೇ ನನಗೊಂದು ಚಿಂತೆಯಾಯಿತು.

ತೆಂಗಿನಕಾಯಿ

ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮೆಟ್ಟಿಲ ಮೇಲೆ ಕಾಯಿ ಕುಟ್ಟಿದರೆ ಕೆಳಗಿನ ಮನೆಯ ಅಮೆರಿಕನ್ ಅಜ್ಜಿ ಪೊರಕೆ ಹಿಡಿದು ಬರುತ್ತಿದ್ದರು. ಸರಿ, ಕಾಯಿಯ ನಡುವೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಬ್ಲೇಡು ಹಚ್ಚಿದೆ. ಮೊದಲು ಹೊಗೆ, ಆಮೇಲೆ ನಾರು ಸುಟ್ಟ ವಾಸನೆ, ಆಮೇಲೆ ಕಾಯಿಯ ನೀರು ನೇರ ಸೀಲಿಂಗಿಗೆ. ಆದರೆ ಹೋಳು ಮಾತ್ರ ಎರಡು ಬಟ್ಟಲಿನ ಹಾಗೆ ಬಂತು.

ಪೂಜೆ ಮಾಡಿಸಲು ಡಲ್ಲಾಸ್‌ನಿಂದ ಬಂದಿದ್ದವರು ವಾರವಿಡೀ ಇಂಜಿನಿಯರ್, ಶನಿವಾರ ಮಾತ್ರ ಪುರೋಹಿತರು. ಹೋಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಪಚಾರ ಅಂತಾರೇನೋ, ಮಷಿನ್ ಇವತ್ತೇ ಹೊರಗೆ ಅಂದುಕೊಂಡೆ. ಮಂಗಳಾರತಿ ಮುಗಿಸಿ, ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು:

"ಯಾವ ಬ್ಲೇಡ್ ಹಾಕಿದ್ರಿ?"

ಕಲ್ಲು

ಹೆಂಡತಿ ತವರಿನಿಂದ ಹೊತ್ತು ತಂದಿದ್ದ ಪುಟ್ಟ ರುಬ್ಬುಗಲ್ಲು ಸವೆದು ನುಣ್ಣಗಾಗಿತ್ತು. ಊರಲ್ಲಾದರೆ ಕಲ್ಲು ಕುಟ್ಟುವವರು ಬಾಗಿಲಿಗೇ ಬರುತ್ತಾರೆ, ಟೆಕ್ಸಾಸ್‌ನಲ್ಲಿ ಯಾರು ಬರಬೇಕು? ನಾನೇ ಕೂತೆ. ಒಂದು ಗಂಟೆ ಉಜ್ಜಿದ ಮೇಲೆ ನೋಡಿದರೆ ಕಲ್ಲು ಇದ್ದ ಹಾಗೇ ಇತ್ತು, ಮಷಿನ್ನಿನ ಮೂತಿಗೆ ಸಿಕ್ಕಿಸಿದ್ದು ಪೂರಾ ಸವೆದುಹೋಗಿತ್ತು. ಬೈಗುಳಕ್ಕೆ ತಯಾರಾಗಿ ನಿಂತೆ. ಅವಳ ಮುಖ ಹಿಗ್ಗಿ ಹೀರೇಕಾಯಿಯಾಯಿತು.

"ನಮ್ಮ ಊರಿನ ಕಲ್ಲು ಅಂದ್ರ ಏನಂತ ತಿಳಿದೀರಿ!"

ಸ್ಟೀಲ್ ಪಾತ್ರೆ

ಆಸ್ಟಿನ್‌ನಲ್ಲಿ ಒಬ್ಬರ ಮನೆಯಲ್ಲಿ ಕನ್ನಡದವರ ಯುಗಾದಿ ಊಟ. ಎಲ್ಲರ ಮನೆಯ ಪಾತ್ರೆಗಳೂ ಅಣ್ಣತಮ್ಮಂದಿರ ಹಾಗೆ ಒಂದೇ ಥರ, ಅದಲುಬದಲಾಗುವುದು ಖಾಯಂ. ಈ ಸಲ ನಾನು ಮಷಿನ್ ಒಯ್ದಿದ್ದೆ. ಊಟವಾದ ಮೇಲೆ ನಮ್ಮ ದೊಡ್ಡ ಪಾತ್ರೆ ಹುಡುಕಿ, ತಳದಲ್ಲಿ ದುಂಡಗೆ ನಮ್ಮಿಬ್ಬರ ಹೆಸರು ಕೆತ್ತಿದೆ. ಅಷ್ಟರಲ್ಲಿ ಹೆಂಡತಿ ನಮ್ಮ ಪಾತ್ರೆಯನ್ನು ತೊಳೆದು ಹಿಡಿದುಕೊಂಡು ಬಂದಳು. ನಾನು ಕೆತ್ತಿದ್ದು ಆ ಮನೆ ಯಜಮಾನಿಯದು!

ಹೆಂಡತಿಯ ಕಣ್ಣು ಕೆಂಪಾಯಿತು. ಮಷಿನ್ ಕಥೆ ಮುಗಿಯಿತು ಅಂದುಕೊಂಡೆ. ಯಜಮಾನಿ ಕನ್ನಡಕ ಹಾಕಿಕೊಂಡು ಓದಿ, ತಣ್ಣಗೆ ಅಂದರು, "ಪರವಾಗಿಲ್ಲ ಬಿಡಿ. ಕೆಳಗೆ 'ಇವರ ಪ್ರೀತಿಯ ಉಡುಗೊರೆ' ಅಂತ ಸೇರಿಸಿಬಿಡಿ."

ಚಿನ್ನ

ಡಲ್ಲಾಸ್ ಕಡೆ ಡಾಕ್ಟರ್ ಗೆಳೆಯನೊಬ್ಬನ ಗೃಹಪ್ರವೇಶ. ಹಿತ್ತಲಲ್ಲಿ ಕುರ್ಚಿ ಎತ್ತಲು ಹೋದೆ, ಅಡಿಯಲ್ಲಿದ್ದ ಕಣಜ ಬಲಗೈಯ ಉಂಗುರದ ಬೆರಳಿಗೇ ಕಚ್ಚಿತು. ಅರ್ಧ ಗಂಟೆಯಲ್ಲಿ ಬೆರಳು ಬದನೇಕಾಯಿ. ಸೋಪು ಹಚ್ಚಿದರು, ತುಪ್ಪ ಹಚ್ಚಿದರು, ಮದುವೆಯ ಉಂಗುರ ಜಪ್ಪಯ್ಯ ಅನ್ನಲಿಲ್ಲ. ಗೆಳೆಯನ ಮುಖ ಸಪ್ಪಗಾಯಿತು. "ರಕ್ತ ಓಡ್ತಾ ಇಲ್ಲ ಕಣೋ. ಆಸ್ಪತ್ರೆ ದೂರ. ಈಗಲೇ ಕತ್ತರಿಸಬೇಕು."

ನಾನು ಹೌಹಾರಿದೆ. "ಬೆರಳನ್ನಾ?"

"ಉಂಗುರಾನಯ್ಯಾ!"

ಮಷಿನ್ ಕಾರಿನಲ್ಲೇ ಇತ್ತು. ಆದರೆ ಹಿಡಿಯುವವರು ಯಾರು? ನನ್ನ ಎಡಗೈಗೆ ಬಾರದು. ಆಪರೇಷನ್ ಮಾಡುವ ಗೆಳೆಯ ಬ್ಲೇಡು ತಿರುಗುವುದನ್ನು ನೋಡಿ ಎರಡು ಹೆಜ್ಜೆ ಹಿಂದೆ ಹೋದ. ಯಾರೋ ಆಂಟಿ, "ಮದುವೆ ಉಂಗುರ ಕತ್ತರಿಸಬಾರದಮ್ಮಾ" ಅಂದರು.

"ಬೆರಳಿದ್ರ ಉಂಗುರ ಇನ್ನೊಂದು ಮಾಡಿಸ್ಬಹುದ್ರಿ," ಅಂದಳು ನನ್ನ ಹೆಂಡತಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈ ಚಾಚಿದಳು. "ಕೊಡ್ರಿ ಇಲ್ಲೆ."

ಗೆಳೆಯ ಉಂಗುರದಡಿ ತೆಳ್ಳನೆಯ ಸ್ಟೀಲ್ ಪಟ್ಟಿ ತೂರಿಸಿ ಕೈ ಹಿಡಿದ. ನಾನು ಕಣ್ಣು ಮುಚ್ಚಿ ಮನೆದೇವರನ್ನು ನೆನೆದೆ. ಗಿರ್ರ್... ನಿಲ್ಲಿಸಿದಳು, ಐಸ್ ನೀರಿನ ಬಟ್ಟೆ ಒತ್ತಿದಳು. ಮತ್ತೆ ಗಿರ್ರ್... ಟಿಕ್! ಉಂಗುರ ಬಾಯಿ ಬಿಟ್ಟಿತು. ಚರ್ಮಕ್ಕೆ ಒಂದು ಗೀರಿಲ್ಲ. ಬೆರಳು ನಿಧಾನಕ್ಕೆ ಕೆಂಪಗಾಯಿತು. ಉಸ್ಸಪ್ಪಾ! ಅವಳ ಮುಂದೆ ಅತ್ತೇಬಿಟ್ಟೆ, ನಾಚಿಕೆ ಏನು ಬಂತು.

ಅವಳು ಬ್ಲೇಡು ಬಿಚ್ಚಿ, ಊದಿ, ಒರೆಸಿ, ಡಬ್ಬಿಯ ಸರಿಯಾದ ಗೂಡಿಗೇ ಇಟ್ಟಳು. ಆ ಗೂಡು ನನಗೇ ನೆನಪಿರುತ್ತಿರಲಿಲ್ಲ.

"ಇದನ್ನ ಯಾವಾಗ ಕಲಿತೆ?"

"ದಿನಾ ನೀವು ಆಫೀಸಿಗೆ ಹೋದಮ್ಯಾಲೆ. ಬಾಗಿಲ ಚಿಲಕ, ಇಳಿಗೆಮಣಿ ಸಾಣಿ, ಎಲ್ಲಾ ತಾವ ಸರಿಯಾದ್ವು ಅಂತ ಮಾಡೀರೇನು?"

"ಮತ್ತೆ ಮಷಿನ್ ಮನೇಲಿ ಇರಲ್ಲ ಅಂತ ಅಷ್ಟು ಹೆದರಿಸ್ತಿದ್ದೆಯಲ್ಲೇ?"

"ಹೆದರಿಸದ ಏನು ಮಾಡ್ಲಿ? ಇರೋದು ಒಂದ ಮಷಿನ್. ಸುಮ್ಮನ ನಿಮ್ಮ ಕೈಯಾಗ ಬಿಟ್ಟಿದ್ರ ಉಳೀತಿತ್ತೇನು?"