ನೀಲಿ ಸೀರೆಯವಳ ಗುರುತು

ನನ್ನ ಸೋದರಮಾವನಿಗೆ ಮೀನೆಂದರೆ ಪ್ರಾಣ. ಇಷ್ಟಕ್ಕೇ ಮಾತು ನಿಲ್ಲಿಸಿದರೆ ನಮ್ಮ ಬಳಗದವರು ನನ್ನನ್ನು ಹೊಸ್ತಿಲು ದಾಟಲು ಬಿಡಲಿಕ್ಕಿಲ್ಲ! ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಮೊಟ್ಟೆ ಮಾರುವ ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳಲೂ ನಮ್ಮಜ್ಜಿ ಹಿಂದೆ ಮುಂದೆ ನೋಡುತ್ತಿದ್ದಳು. ಅಂಥ ಮನೆಯಲ್ಲಿ ಹುಟ್ಟಿದ ಮಾವ ಮೀನು ತಿನ್ನುವುದಿರಲಿ, ಬುಟ್ಟಿಯಲ್ಲಿ ಸತ್ತು ಬಿದ್ದ ಮೀನನ್ನು ಕಂಡರೆ ಮುಖ ತಿರುಗಿಸಿ ನಡೆಯುವವನು. ಅವನಿಗೆ ಬೇಕಾದದ್ದು ಜೀವಂತ ಮೀನು. ಅದೂ ಸಮುದ್ರದ್ದು. ಅದೂ ಅದರ ಮನೆಗೇ ಹೋಗಿ ನೋಡಬೇಕು! ಹೊಸಪೇಟೆಗೂ ಸಮುದ್ರಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ನಮ್ಮತ್ತೆಯೂ ಅದನ್ನೇ ಕೇಳುತ್ತಿದ್ದಳು.

ಸಂಬಂಧ ಇತ್ತು. ಅದು ಗಣಿಯ ಕಾಲ. ಸಂಡೂರಿನ ಗುಡ್ಡಗಳೆಲ್ಲ ಲಾರಿ ಹತ್ತಿ ಬಂದರಿನ ಕಡೆ ಹೊರಟಿದ್ದವು. ಹಾಗೆ ಹೊರಟ ಗುಡ್ಡಗಳಿಗೆ ಮೇಲೊಂದು ಹೊದಿಕೆ ಬೇಡವೇ? ಆ ತಾಡಪಾಲುಗಳನ್ನು ಕತ್ತರಿಸಿ, ಹೊಲಿದು ಮಾರುವ ಅಂಗಡಿ ಮಾವನದು, ಸಂಡೂರು ರಸ್ತೆಯ ಬದಿಗೇ ಇತ್ತು. ಮನೆ ಅಂಗಡಿಯ ಮಾಳಿಗೆಯ ಮೇಲೆ. ತಾಡಪಾಲು ಎಷ್ಟು ಹೊದಿಸಿದರೇನು, ಕೆಂಧೂಳು ಮಾತ್ರ ಊರನ್ನು ಬಿಡಲಿಲ್ಲ. ಬಿಳಿ ಹೋರಿ ಕೆಂಪು, ಕರಿ ಎಮ್ಮೆ ಕೆಂಪು, ಬೇವಿನ ಮರ ಕೆಂಪು. ಎದುರು ಸಿಕ್ಕವರನ್ನು ‘ಗುರ್ತು ಸಿಕ್ತೇನ್ರಿ?’ ಎಂದು ಕೇಳುವುದು ನಮ್ಮ ಕಡೆಯ ಪದ್ಧತಿ. ಬೇರೆ ಕಾಲದಲ್ಲಿ ಅದು ಬರೀ ಮರ್ಯಾದೆಯ ಮಾತು. ಆ ದಿನಗಳಲ್ಲಿ ಮಾತ್ರ ನಿಜವಾದ ಪ್ರಶ್ನೆಯಾಗಿತ್ತು! ಅತ್ತೆ ತನ್ನ ಮದುವೆಯ ಸೀರೆಯನ್ನು ಒಮ್ಮೆ ಮಾಳಿಗೆಯ ಹಗ್ಗದ ಮೇಲೆ ಬಿಸಿಲಿಗೆ ಹಾಕಿದ್ದೇ ತಪ್ಪಾಯಿತು. ಸಂಜೆಗೆ ಅದು ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು. ಒಗೆದು ಒಗೆದು ಅವಳ ಕೈ ಸೋತವೇ ಹೊರತು ಸೀರೆಯ ಬಣ್ಣ ವಾಪಸು ಬರಲಿಲ್ಲ. “ಊರ ಲಾರಿಗೆಲ್ಲಾ ಹೊದಸ್ತೀರಿ, ನನ್ನ ಸೀರಿಗೆ ಒಂದು ತುಂಡು ಹೊದಸಾಕ ಆಗಲಿಲ್ಲ!” ಎಂದು ಅದನ್ನು ಟ್ರಂಕಿನ ತಳಕ್ಕೆ ಹಾಕಿದಳು. ಮಾವ ಕತ್ತರಿ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದ. ಒಂದು ಮಾತೂ ಆಡಲಿಲ್ಲ.

ಮಾವನಿಗೆ ಹುಚ್ಚು ಹಿಡಿಸಿದವನು ಹಂಪಿಗೆ ಬಂದಿದ್ದ ಒಬ್ಬ ಪರದೇಶಿ. ಮಳೆಗೆ ಒಂದು ತಾಡಪಾಲು ಕೊಂಡು, ಅದನ್ನು ತುರುಕಲು ಚೀಲದಲ್ಲಿ ಜಾಗ ಸಾಲದೆ, ನೀರಿನೊಳಗೆ ನೋಡುವ ಒಂದು ಕನ್ನಡಕವನ್ನೂ ಬಾಯಲ್ಲಿ ಕಚ್ಚುವ ಕೊಳವೆಯನ್ನೂ ಅಂಗಡಿಯಲ್ಲೇ ಬಿಟ್ಟು ಹೋದ. ಮಾವ ಅದನ್ನು ಮೊದಲು ಪರೀಕ್ಷಿಸಿದ್ದು ಬಚ್ಚಲುಮನೆಯ ಹಂಡೆಯಲ್ಲಿ! ತಲೆ ಹಂಡೆಯೊಳಗೆ, ಕಾಲು ಹೊರಗೆ. ಕಂಡ ಅತ್ತೆ ಓಣಿಯ ಜನ ಕೂಡುವಂತೆ ಚೀರಿದಳು. ನಾಲ್ಕು ಜನ ಸೇರಿ ಕಾಲು ಹಿಡಿದು ಎಳೆದಾಗ ಮಾವ ಮೂಗಿನ ಮೇಲಿನ ಕನ್ನಡಕ ಸರಿಪಡಿಸಿಕೊಳ್ಳುತ್ತ, “ಹಂಡೆ ತಳ ಸ್ವಲ್ಪ ಚಲೋ ತಿಕ್ಕಬೇಕಲೇ,” ಎಂದ. ಅತ್ತೆ ಅಂದು ಅವನಿಗೆ ಊಟಕ್ಕೆ ಬಡಿಸಲಿಲ್ಲ.

ಆಮೇಲೆ ಕಾಲುವೆಯಲ್ಲಿ ಮುಳುಗಿದ. ಕೆಸರೂ ಯಾರದೋ ಒಂಟಿ ಚಪ್ಪಲಿಯೂ ಕಂಡವು. ಅಷ್ಟಕ್ಕೆ ಬಿಡುವ ಮನುಷ್ಯನೇ? ಘಾಟಿನಲ್ಲಿ ತಾಡಪಾಲು ಹರಿಯುತ್ತವೆಂದು ಒಬ್ಬ ಡ್ರೈವರ್ ದೂರು ತಂದಿದ್ದೇ ನೆಪವಾಯಿತು. ‘ಎಲ್ಲಿ ಹರಿತಾವ, ನಾನಾ ನೋಡ್ತೀನಿ’ ಎಂದು ಅವನ ಲಾರಿ ಹತ್ತಿ ಹುಬ್ಬಳ್ಳಿ ದಾಟಿ, ಘಾಟು ಇಳಿದು, ಕಾರವಾರದ ಕಡೆಯ ಕಡಲಿಗೆ ಹೋಗಿಬಿಟ್ಟ. ಬಂದರಿನಿಂದ ದೂರ, ಬಂಡೆಗಳ ನಡುವೆ ತಿಳಿನೀರು ನಿಲ್ಲುವ ಒಂದು ಮೂಲೆಯಿತ್ತಂತೆ. ಪಟಾಪಟಿ ಚಡ್ಡಿಯಲ್ಲಿ ದಡದಿಂದಲೇ ಇಳಿದ. ತುಂಗಭದ್ರೆಯಲ್ಲಿ ಈಜಿ ಬೆಳೆದ ಮೈ, ನೀರಿನ ಹೆದರಿಕೆ ಎಲ್ಲಿಯದು? ನೀರು ಬೆಚ್ಚಗಿತ್ತಂತೆ. ಮುಖ ಮುಳುಗಿಸಿದವನು ಲಾರಿ ಖಾಲಿಯಾಗಿ ಬಂದು ಹಾರನ್ ಹೊಡೆಯುವವರೆಗೂ ಏಳಲಿಲ್ಲವಂತೆ.

ಆಮೇಲೆ ಚಳಿಗಾಲ ಬಂದು ಕಡಲು ತಿಳಿಯಾಯಿತೆಂದರೆ ಸಾಕು, ಮಾವ ಲಾರಿಯಲ್ಲಿ! ಓಣಿಯ ಹಿರಿಯರೊಬ್ಬರು, “ಅಲ್ಲೋ, ಲಿಂಗ ಕಟ್ಟಿಕೊಂಡು ಮೀನಿನ ನಡುವ ಹೋಗ್ತೀಯಲ್ಲ!” ಎಂದು ಆಕ್ಷೇಪಿಸಿದರು. “ಲಿಂಗದ ಬೆಳ್ಳಿ ಕರಡಿಗಿ ಹೊಳಿಯೋದು ನೋಡಿ ಅವಾ ಬಂದು ಮುತ್ತು ಕೊಡ್ತಾವ್ರಿ. ಭಕ್ತರಿಗೆ ಬರಬ್ಯಾಡ್ರಿ ಅನ್ನಾಕ ನಾ ಯಾರು?” ಎಂದ ಮಾವ.

ಕಂಡ ಜೀವಿಗಳ ಗುರುತು ಹಿಡಿಯುವುದೇ ದೊಡ್ಡ ಪಜೀತಿ. ದಡದಲ್ಲಿ ಮೀನು ಮಾರುವವಳಿಗೆ ಆಕಾರ, ಬಣ್ಣ ಎಲ್ಲ ವಿವರಿಸಿ, ಅದರ ಹೆಸರೇನೆಂದು ಕೇಳಿದನಂತೆ. ಅವಳು ಹೆಸರಿಗಿಂತ ಮೊದಲು, ಸಾರಿಗೆ ಹುಣಸೆಹುಳಿ ಹೆಚ್ಚು ಹಾಕಬೇಕು ಎಂದಳಂತೆ. “ಹೆಸರು ಕೇಳಿದ್ರ ಮಸಾಲಿ ಹೇಳ್ತಾರ!” ಎಂದು ಮಾವ ಸಿಟ್ಟಾಗಿ ಬಂದ. ಅಂದಿನಿಂದ ತಾನೇ ಹೆಸರಿಡತೊಡಗಿದ. ಗುರುತಿಗೆ ಊರ ಜನ ಇದ್ದರಲ್ಲ! ಖಾಲಿ ಶಂಖ ಕಂಡಲ್ಲೆಲ್ಲ ಮನೆ ಬದಲಿಸುವ ಏಡಿ ‘ಬಾಡಿಗಿಯಾಂವ’. ಮರಳಿನ ಮೇಲೆ ಅಲುಗಾಡದೆ ಬಿದ್ದಿರುವ ಸವತೆಕಾಯಿಯಂಥ ಪ್ರಾಣಿ ‘ಗುಮಾಸ್ತ’. ಗಳಿಗೆಗೊಂದು ಬಣ್ಣ ತಿರುಗಿಸುವ ಎಂಟು ಕಾಲಿನದಕ್ಕೆ ಯಾರ ಹೆಸರಿಟ್ಟನೆಂದು ನಾನು ಹೇಳುವುದಿಲ್ಲ, ಚುನಾವಣೆ ಹತ್ತಿರ ಬಂದಿದೆ. ಮುಟ್ಟಿದರೆ ಚೆಂಡಿನಂತೆ ಉಬ್ಬುವ ಮುಳ್ಳಿನ ಮೀನು ‘ಸಾವ್ಕಾರ’.

ಈ ಸಾವ್ಕಾರ ಮಾಡಿದ ಗದ್ದಲ ಸಣ್ಣದಲ್ಲ. ಮಾವ ಒಂದು ದಿನ ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತ ಡ್ರೈವರನಿಗೆ ಹೇಳುತ್ತಿದ್ದ: “ಸಂಡೂರ ಸಾವ್ಕಾರ್ರನ್ನ ನೋಡಿದೆಪಾ. ಹೊಟ್ಟಿ ಉಬ್ಬಿ, ಕಾಲು ಮ್ಯಾಲಾಗಿ ನೀರಾಗ ತೇಲಾಕತ್ತಿದ್ರು!” ಮೀನಿಗೆ ಕಾಲು ಎಲ್ಲಿಂದ ಬಂತೋ, ಮಾತಿನ ಭರದಲ್ಲಿ ಬಂದಿರಬೇಕು. ಪಕ್ಕದ ಬೆಂಚಿನವನು ತಟ್ಟೆ ಬಿಟ್ಟು ಎದ್ದ. ಮಧ್ಯಾಹ್ನದೊಳಗೆ ಸುದ್ದಿ ತೋರಣಗಲ್ಲು ಮುಟ್ಟಿತು, ಸಂಜೆಗೆ ಬಂಡ್ರಿಯಿಂದ ಒಂದು ಟ್ರ್ಯಾಕ್ಟರ್ ಜನ ಚೆಂಡು ಹೂವಿನ ಹಾರ ಹಿಡಿದು ಸಂಡೂರಿನ ಸಾಹುಕಾರರ ಮನೆಗೆ ಬಂದರು. ಬಾಗಿಲು ತೆರೆದವರು ಸಾಹುಕಾರರೇ! ಮರುದಿನ ಅವರ ಜೀಪು ಅಂಗಡಿಯ ಮುಂದೆ ನಿಂತಿತು.

“ಮೀನಿಗೆ ನನ್ನ ಹೆಸರು ಯಾಕಿಟ್ಟಿಯೋ?”

“ಭಾಳ ಚಲೋ ಮೀನ್ರಿ, ಅದನ್ನ ಯಾರೂ ತಿನ್ನಂಗಿಲ್ಲ.”

“ಯಾಕ?”

“ಮೈಯೆಲ್ಲಾ ವಿಷ ಐತ್ರಿ.”

ಸಾಹುಕಾರರು ಹೊಟ್ಟೆ ಕುಣಿಸಿ ನಕ್ಕರು. ಅವರು ನಕ್ಕಾಗ ಉಬ್ಬಿದ ರೀತಿ ನೋಡಿ ನನಗೂ ಗುರುತು ಸಿಕ್ಕಿತು.

ಆದರೆ ಎಲ್ಲ ಗುರುತೂ ನಗುವಲ್ಲಿ ಮುಗಿಯಲಿಲ್ಲ. ಒಂದು ಬೆಳಿಗ್ಗೆ ಮಾವ ಮೊಬೈಲಿನಲ್ಲಿ ಡ್ರೈವರನ ಜೊತೆ ಉತ್ಸಾಹದಿಂದ ಮಾತಾಡುತ್ತಿದ್ದ: “ನೀಲಿ ಸೀರಿಯಾಕಿ ಈ ಸಲಾನೂ ಅದಾ ಜಾಗದಾಗ ಇದ್ಲಪಾ! ನನ್ನ ಗುರ್ತು ಹಿಡದ್ಲು. ಬಾಜೂಕ ಬಂದು ನಿಂತ್ಲು. ಆಕಿನ್ನ ಬಿಟ್ಟು ಬರಾಕ ಮನಸಾ ಬರಲಿಲ್ಲ.” ಅತ್ತೆ ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಲೋಟ ಕೆಳಗಿಟ್ಟು, ಚೀಲ ತುಂಬಿಕೊಂಡು ಕಂಪ್ಲಿ ಬಸ್ಸು ಹತ್ತಿದಳು. ಕಂಪ್ಲಿ ಅವಳ ತವರು.

“ಅದು ಮೀನ ಲೇ!” ಎಂದು ಮಾವ ಬಸ್ಸಿನ ಹಿಂದೆ ಓಡಿದ. ಹೊಸಪೇಟೆಯ ನಡುಬೀದಿಯಲ್ಲಿ ಹಾಗೆ ಕೂಗಿದ ಲಿಂಗವಂತ ಅವನೊಬ್ಬನೇ ಇರಬೇಕು. ಬಸ್ಸು ನಿಲ್ಲಲಿಲ್ಲ.

ಅತ್ತೆ ಇಲ್ಲದ ಮನೆಯಲ್ಲಿ ಮಾವ ಮೂರು ಹೊತ್ತೂ ಮಂಡಾಳು, ಅಂದರೆ ಬರೀ ಮಂಡಕ್ಕಿ, ತಿಂದ. ತಾಡಪಾಲುಗಳನ್ನು ಸೊಟ್ಟಗೆ ಕತ್ತರಿಸಿದ. ಫೋನು ಮಾಡಿದರೆ ಅತ್ತೆ ಎತ್ತಲಿಲ್ಲ. ಕಡೆಗೆ ನನ್ನನ್ನು ಮುಂದಿಟ್ಟುಕೊಂಡು ಕಂಪ್ಲಿಗೆ ಹೊರಟ. ತಂಗಿಯ ಮಗಳ ಮುಂದೆ ಅತ್ತೆ ಬೈಯಲಾರಳು ಎಂಬ ಲೆಕ್ಕ. ಆ ಲೆಕ್ಕವೂ ತಪ್ಪಿತು.

“ಮೀನು ಸೀರಿ ಉಡ್ತಾವೇನ್ರಿ?” ಅತ್ತೆ ನನ್ನ ಕಡೆ ತಿರುಗಿದಳು. “ನೀನು ಕಲ್ತಾಕಿ ಅದೀ, ನೀನಾ ಹೇಳವ್ವಾ.”

ನಾನು ಬಾಯಿ ಬಿಡುವ ಮೊದಲೇ ಅವಳ ಕಣ್ಣು ತುಂಬಿದ್ದವು. ಆಗ ತಿಳಿಯಿತು, ಇದು ಹಂಡೆಯ ಜಗಳದಂಥದ್ದಲ್ಲ. “ಆಕಿನ್ನ ನನ್ನ ಕಣ್ಣಿಗೆ ತೋರಸ್ರಿ,” ಎಂದಳು ಅತ್ತೆ. “ತೋರಸಲಿಲ್ಲಂದ್ರ ನಾನು ಹೊಸಪೇಟಿಗೆ ಬರಂಗಿಲ್ಲ.”

ಮಾವ ಪೇಚಿಗೆ ಬಿದ್ದ. ಸಮುದ್ರದ ಮೀನು ಹೇಳಿದ ಹೊತ್ತಿಗೆ ಬಂದು ನಿಲ್ಲುತ್ತದೆಯೇ? ಆದರೂ ಜೀಪು ಗೊತ್ತು ಮಾಡಿದ. ದಾರಿಯುದ್ದಕ್ಕೂ ಅದಿರಿನ ಲಾರಿಗಳ ಹಿಂದೆ ಧೂಳು ಕುಡಿಯುತ್ತ ಹೋದೆವು.

ಬಂಡೆಗಳ ನಡುವಿನ ಆ ಮೂಲೆಯಲ್ಲಿ ಅತ್ತೆ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಸೊಂಟದವರೆಗೆ ನೀರಿಗಿಳಿದಳು. ಮೂಗುಬೊಟ್ಟು ಅಡ್ಡ ಬಂದು ಕನ್ನಡಕ ಕೂಡಲಿಲ್ಲ, ಬೊಟ್ಟು ತೆಗೆಯಲು ಅವಳು ಒಪ್ಪಲಿಲ್ಲ. ಮಾವ ಎರಡೂ ಕೈಯಿಂದ ಕನ್ನಡಕವನ್ನು ಅವಳ ಮುಖಕ್ಕೆ ಒತ್ತಿ ಹಿಡಿದ. ಅವಳು ಮುಖ ಮುಳುಗಿಸಿದಳು. ಎದ್ದಳು. “ಏನೂ ಇಲ್ಲ.” ಮತ್ತೆ ಮುಳುಗಿಸಿದಳು. “ಬಾಡಿಗಿಯಾಂವ ಅದಾನ.” ಗುಮಾಸ್ತನೂ ಸಿಕ್ಕ. ನೀಲಿ ಸೀರೆಯವಳ ಸುಳಿವಿಲ್ಲ. ಅವಳು ಎದ್ದ ಕೂಡಲೇ ಮಾವ ಕನ್ನಡಕದಿಂದ ಕೈ ಬಿಟ್ಟು ಬಂಡೆಯ ಸಂದಿಗಳಲ್ಲಿ ತಾನೇ ಬಗ್ಗಿ ಹುಡುಕುತ್ತಿದ್ದದ್ದು ದಡದ ಬಂಡೆಯ ಮೇಲೆ ಕೂತ ನನಗೂ ಕಾಣುತ್ತಿತ್ತು. ದೇವರೇ, ಒಂದು ಮೀನು ಕಳಿಸಪ್ಪ ಎಂದು ಬೇಡಿಕೊಂಡೆ. ನಮ್ಮ ವಂಶದಲ್ಲಿ ಯಾರೂ ದೇವರಲ್ಲಿ ಅಂಥದ್ದನ್ನು ಬೇಡಿರಲಿಕ್ಕಿಲ್ಲ.

ಮತ್ತೊಮ್ಮೆ ಮುಳುಗಿದ ಅತ್ತೆ ಮೇಲೇಳಲಿಲ್ಲ. ಉಸಿರು ಕಟ್ಟುವಷ್ಟು ಹೊತ್ತು ಹಾಗೇ ಇದ್ದು, ಎದ್ದಾಗ ಕೆಮ್ಮುತ್ತ, ಮಾವನ ತೋಳು ಹಿಡಿದು ನಿಂತಳು. ನಾನೂ ಆಮೇಲೆ ಅದನ್ನು ನೋಡಿದೆ: ಬೆರಳುದ್ದದ ಮೀನು, ಮೈಯೆಲ್ಲ ಉಜ್ವಲ ನೀಲಿ, ಕೆಳಗಿನ ಅಂಚೂ ಬಾಲವೂ ಅರಿಸಿನದ ಹಳದಿ.

“ಗುರ್ತು ಸಿಕ್ತಾ?” ಎಂದು ಮಾವ ಮೆಲ್ಲಗೆ ಕೇಳಿದ.

“ನನ್ನ ಸೀರೀರಿ,” ಎಂದಳು ಅತ್ತೆ. “ಮದಿವಿ ಸೀರಿ. ಅದಾ ನೀಲಿ, ಅದಾ ಅಂಚು.” ಆಮೇಲೆ ಅಳು ಬಂತು. “ಅಷ್ಟು ಚಂದಾಗಿ ನೆಪ್ಪಿಟ್ಟಿದ್ರಿ, ಅವತ್ತು ಒಂದು ಮಾತು ಆಡಬಾರದಾಗಿತ್ತೇನ್ರಿ?”

“ಏನಂತ ಆಡಲಿ?” ಎಂದ ಮಾವ. “ಸೀರಿ ಕೆಡಿಸಿದ ಧೂಳಾ ನಮಗ ಅನ್ನ ಹಾಕ್ತಿತ್ತು.”

ಊರನ್ನೆಲ್ಲ ನಗಿಸಿದ ಮನುಷ್ಯ ಆ ಮಾತನ್ನು ಎದೆಯಲ್ಲಿಟ್ಟುಕೊಂಡು, ಕೆಟ್ಟುಹೋದ ಬಣ್ಣವನ್ನು ಹುಡುಕಿಕೊಂಡು ಅದೇ ಧೂಳಿನ ಲಾರಿಗಳಲ್ಲಿ ಇಷ್ಟು ದೂರ ಬರುತ್ತಿದ್ದ. ನನಗೆ ದುಃಖ ಉಕ್ಕಿ ಬಂದು, ಬೇರೆ ಕಡೆ ನೋಡಿದೆ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, ಒದ್ದೆ ಸೆರಗಿನಿಂದ ಏನು ಒರೆಸಿದಂತಾಯಿತೋ, ಕನ್ನಡಕವನ್ನು ತಾನೇ ಮುಖಕ್ಕೆ ಏರಿಸಿದಳು.

“ಹಿಡಕೋರಿ,” ಎಂದಳು. “ಈ ಸಲ ಜಲ್ದಿ ಕೈ ಬಿಡಬ್ಯಾಡ್ರಿ.”