ಬ್ಯಾಟರಿ ಯಾರ್ಡಿಗೆ ನಮ್ಮತ್ತೆಯ ತಕರಾರು

ನಮ್ಮ ಸೋದರತ್ತೆ ತಕರಾರಿಲ್ಲದೆ ಒಪ್ಪಿಕೊಂಡ ವಸ್ತು ಈ ಭೂಮಿಯ ಮೇಲೆ ಒಂದಾದರೂ ಇದ್ದರೆ ನನಗೆ ತೋರಿಸಿ. ಪಾಪಿನಾಯಕನಹಳ್ಳಿಯಲ್ಲಿ ಅವಳ ಮನೆ. ಸೂರ್ಯ ಹುಟ್ಟುವುದು ಹಿತ್ತಲ ಕಡೆಗೆ. "ನಾನು ರಂಗೋಲಿ ಹಾಕೋದು ಅಂಗಳದಾಗ, ಇವನು ಬೆಳಕು ಹಾಕೋದು ಹಿತ್ತಲಾಗ" ಎಂದು ಅವನ ಮೇಲೂ ಒಂದು ತಕರಾರಿದೆ. ಯಾವ ಕಚೇರಿಗೆ ಅರ್ಜಿ ಕೊಡಬೇಕೆಂದು ಗೊತ್ತಿಲ್ಲದ್ದರಿಂದ ಸೂರ್ಯ ಬಚಾವಾಗಿದ್ದಾನೆ. ಅರ್ಜಿ ಟೈಪ್ ಮಾಡುವವನು ಹೇಗೂ ಮನೆಯವನೇ ಇದ್ದಾನೆ. ಹೊಸಪೇಟೆಯ ತಾಲ್ಲೂಕು ಕಚೇರಿಯ ಎದುರು ನನ್ನದೊಂದು ಟೈಪಿಂಗ್ ಅಂಗಡಿ.

ಅವಳ ಮದುವೆಯ ಕತೆಯನ್ನು ನಮ್ಮಪ್ಪ ಹೇಳುತ್ತಿದ್ದ. ಗಟ್ಟಿಮೇಳ ಶುರುವಾಗಿದೆ, ಮಾವ ತಾಳಿ ಹಿಡಿದು ಕೈ ಚಾಚಿದ್ದಾರೆ, ಮದುಮಗಳು "ಒಂದ್ ನಿಮಿಷ ತಡೀರಿ" ಅಂದಳಂತೆ. ವಾದ್ಯ ನಿಂತಿತು. ನಮ್ಮಜ್ಜ ಹಂದರದ ಗಳ ಹಿಡಿದುಕೊಂಡ. ಮದುಮಗಳ ತಕರಾರು ಇಷ್ಟೇ: "ಬಾಸಿಂಗ ಜಾರಿ ಅವರ ಕಣ್ಣು ಮುಚ್ಚೈತಿ. ಯಾರಿಗೆ ಕಟ್ಟಾಕತ್ತೀನಿ ಅಂತ ಅವರಿಗೂ ಕಾಣಬೇಕಲ್ಲ?" ಬಾಸಿಂಗ ಸರಿಮಾಡಿದರು. ಮಾವ ಕಣ್ತುಂಬ ನೋಡಿಯೇ ತಾಳಿ ಕಟ್ಟಿದರು. ಆಮೇಲೆ ಅವರಿಗೆ ದೂರುವುದಕ್ಕೆ ದಾರಿಯೇ ಉಳಿಯಲಿಲ್ಲ ಬಿಡಿ. ಮಾವ ತೀರಿಕೊಂಡು ಈಗ ಕೆಲವು ವರ್ಷಗಳಾದವು.

ಒಮ್ಮೆ ಅವಳನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ಗೈಡೊಬ್ಬ ಪ್ರವಾಸಿಗರಿಗೆ, ಇದೇ ಬೀದಿಯಲ್ಲಿ ಮುತ್ತುರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರು ಎಂದು ವರ್ಣಿಸುತ್ತಿದ್ದ. ಅತ್ತೆ ನಡುವೆ ಬಾಯಿ ಹಾಕಿದಳು: "ಅಳೆಯೋವಾಗ ಒಂದೆರಡು ಕೆಳಗ ಚೆಲ್ಲಿರಬೇಕಲ್ಲಪ್ಪ?" ಗೈಡ್ ಮಾತು ಮುಂದುವರಿಸಿದ. ಕೇಳುವವರು ಯಾರು? ಇಪ್ಪತ್ತು ಜನವೂ ತಲೆ ಬಗ್ಗಿಸಿ ಮಣ್ಣು ನೋಡುತ್ತಿದ್ದರು.

ಇಂಥವಳ ಊರಿಗೆ ಬ್ಯಾಟರಿ ಯಾರ್ಡು ಬರುತ್ತದೆ ಎಂದು ಸುದ್ದಿಯಾಯಿತು. ಗುಡ್ಡದ ಕೆಳಗೆ ಹಳೆಯ ಈಶ್ವರ ಗುಡಿ ಇದೆ. ಅದರ ಹಿಂದಿನ ಬಯಲಿನಲ್ಲಿ ಲಾರಿ ಗಾತ್ರದ ಬ್ಯಾಟರಿ ಪೆಟ್ಟಿಗೆಗಳನ್ನು ಸಾಲಾಗಿ ಇಡುತ್ತಾರಂತೆ. ಬಿಸಿಲು ಗಾಳಿಯಿಂದ ತೆಗೆದ ಕರೆಂಟನ್ನು ಅದರಲ್ಲಿ ತುಂಬಿಟ್ಟು, ಬೇಕಾದಾಗ ಬಿಡುತ್ತಾರಂತೆ. ಊರು ಎದ್ದು ಕೂತಿತು. ವಿರೋಧ ಮಾಡಬೇಕು, ಸರಿ. ವಿರೋಧಿಸಿ ಅನುಭವವಿದ್ದವರು ಯಾರು? ಅಲ್ಲಿಯವರೆಗೆ ಅತ್ತೆಯನ್ನು ಕಂಡರೆ ಓಣಿ ಬದಲಿಸುತ್ತಿದ್ದ ಹಿರಿಯರೆಲ್ಲ ಅವಳ ಕಟ್ಟೆಗೆ ಬಂದು ಕೂತರು. ಮುಂದಾಳು ಅಕ್ಕಿ ಮಿಲ್ಲಿನ ಸಾವ್ಕಾರರು.

"ಅಕ್ಕಾರ, ಸ್ವಾಮಿಗೆ ಬ್ಯಾಟರಿ ಶಾಖ ತಟ್ತದ. ಸ್ವಾಮಿ ಸಿಟ್ಟಾದ್ರ ಊರು ಉಳಿಯಂಗಿಲ್ಲ," ಅಂದರು ಅವರು.

"ನಿಮ್ಮ ಮಿಲ್ಲಿನ ಹೊಗಿ ಇಷ್ಟು ವರ್ಷದಿಂದ ಗುಡಿಗೆ ಬಡೀತೈತಿ. ಸ್ವಾಮಿ ಕೆಮ್ಮಿದ್ದು ಯಾರಾರ ಕೇಳೀರೇನು?" ಅಂದಳು ಅತ್ತೆ.

ಹೀಗೆ, ವಿರೋಧ ಸಮಿತಿಯ ಮೊದಲ ಸಭೆಯಲ್ಲಿ ಮೊದಲ ತಕರಾರು ಸಮಿತಿಯ ಮೇಲೆಯೇ ಬಿತ್ತು. ಆದರೂ ಬೇರೆ ದಾರಿಯಿಲ್ಲದೆ ಅವಳನ್ನೇ ಅಧ್ಯಕ್ಷೆ ಮಾಡಿದರು.

ಅರ್ಜಿ ನಾನೇ ಟೈಪ್ ಮಾಡಿದ್ದೆ. ಇಂಥ ಅರ್ಜಿಗಳಿಗೆ ನನ್ನ ಹತ್ತಿರ ಸಿದ್ಧ ಸಾಮಗ್ರಿ ಇರುತ್ತದೆ. 'ಅಸಂಖ್ಯಾತ ಭಕ್ತಾದಿಗಳ ಭಾವನೆಗಳಿಗೆ ಧಕ್ಕೆ' ಎಂಬುದನ್ನು ನಾಲ್ಕು ಜಾಗದಲ್ಲಿ ತುಂಬಿದ್ದೆ. ಓದಿಸಿ ಕೇಳಿದ ಅತ್ತೆ ನಾಲ್ಕನ್ನೂ ಹೊಡೆದುಹಾಕಿಸಿದಳು.

"ಭಾವನೆ ನಂದು. ಅದನ್ನ ನಾನು ನೋಡ್ಕೊಂತೀನಿ. ನೀನು ದಾರಿ ಬರಿ."

"ಯಾವ ದಾರಿ ಅತ್ತಿ?"

"ಬ್ಯಾಟರಿಗೆ ಬೆಂಕಿ ಹತ್ತಿದ್ರ ಆರಿಸೋ ಗಾಡಿ ಬರೋ ದಾರಿ. ಅಲ್ಲಿಗೆ ಇರೋದು ಒಂದ ದಾರಿ, ಗುಡಿ ಮುಂದಿನ ಕಲ್ಲಿನ ಬಾಗಿಲು ದಾಟಿ ಹೋಗಬೇಕು. ಅದರಾಗ ಗಾಡಿ ಹಿಡಿಸ್ತದೋ ಇಲ್ಲೋ?"

ಮರುದಿನ ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಕಲ್ಲಿನ ಬಾಗಿಲನ್ನು ಅಳೆದು ಗಂಟು ಹಾಕಿದಳು. ಅದೇ ಹಗ್ಗ ಹಿಡಿದು ಬಸ್ಸು ಹತ್ತಿ ಹೊಸಪೇಟೆಗೆ ಬಂದು, ಅಂಗಡಿ ಮುಚ್ಚಿಸಿ ನನ್ನನ್ನೂ ಎಳೆದುಕೊಂಡು ಅಗ್ನಿಶಾಮಕ ಠಾಣೆಗೆ ನಡೆದಳು. ನಾನು ಗೇಟಿನಲ್ಲೇ ಅಪರಿಚಿತನಂತೆ ನಿಂತೆ. ಒಳಗಿನಿಂದ ಕೇಳಿಸಿತು: "ತಮ್ಮಾ, ಆ ಕಡೀ ತುದಿ ಹಿಡಕೋ." ಇಣುಕಿ ನೋಡಿದರೆ ಸಮವಸ್ತ್ರದ ಸಿಬ್ಬಂದಿಯೊಬ್ಬ ಗಾಡಿಯ ಆ ಬದಿಗೆ ಹಗ್ಗ ಹಿಡಿದು ವಿಧೇಯನಾಗಿ ನಿಂತಿದ್ದ. ಗಾಡಿಯ ಅಗಲ ಬಾಗಿಲಿನ ಗಂಟು ದಾಟಿ ಒಂದು ಗೇಣು ಆಚೆ ಹೋಯಿತು. ಅತ್ತೆ ಅಲ್ಲಿ ಎರಡನೆಯ ಗಂಟು ಹಾಕಿದಳು.

ಅಹವಾಲು ಸಭೆ ಊರ ಶಾಲೆಯಲ್ಲಿ ನಡೆಯಿತು. ಮೇಜಿನ ಹಿಂದೆ ಒಬ್ಬರು ಅಧಿಕಾರಿ, ಕಂಪನಿಯ ಮ್ಯಾನೇಜರು, ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದ ಒಬ್ಬಳು ಎಂಜಿನಿಯರ್ ಹುಡುಗಿ. ಸಾವ್ಕಾರರು ಸ್ವಾಮಿಯ ಸಿಟ್ಟಿನ ಬಗ್ಗೆ ಮಾತಾಡಿದರು, ಚಪ್ಪಾಳೆ ಬಿತ್ತು. ಅಧಿಕಾರಿ ಆಕಳಿಸಿದರು. ಆಮೇಲೆ ಅತ್ತೆ ಎದ್ದಳು.

"ಬೆಂಕಿ ಹತ್ತಿದ್ರ?"

"ಹತ್ತಲ್ಲಮ್ಮ. ಎಲ್ಲಾ ವ್ಯವಸ್ಥೆ ಇದೆ. ಏನೂ ಆಗಲ್ಲ," ಅಂದರು ಮ್ಯಾನೇಜರು.

"ಆದ್ರ?"

"ಏನೂ ಆಗಲ್ಲ."

"ಆದ್ರ?"

ಈ ಸಂಭಾಷಣೆ ಸಂಜೆಯವರೆಗೂ ನಡೆಯುತ್ತಿತ್ತೋ ಏನೋ. ಅತ್ತೆ ಹಗ್ಗ ಬಿಚ್ಚಿ ಮೇಜಿನ ಮೇಲೆ ಉದ್ದಕ್ಕೆ ಹಾಸಿದಳು. "ಇದು ಗುಡಿ ಬಾಗಿಲು. ಇದು ನಿಮ್ಮ ಬೆಂಕಿ ಆರಿಸೋ ಗಾಡಿ. ಈ ಒಂದು ಗೇಣು ಎಲ್ಲಿ ಇಡ್ತೀರಿ?"

ಮ್ಯಾನೇಜರು ನಕ್ಕರು. ಎಂಜಿನಿಯರ್ ಹುಡುಗಿ ನಗಲಿಲ್ಲ. ಎದ್ದು ಬಂದು ಎರಡು ಗಂಟುಗಳನ್ನೂ ನೋಡಿ, ತನ್ನ ನಕ್ಷೆ ನೋಡಿ, ಮತ್ತೆ ಗಂಟು ನೋಡಿದಳು.

"ಗೊತ್ತಿಲ್ಲಮ್ಮ," ಅಂದಳು. "ಈ ಬಾಗಿಲು ನಮ್ಮ ನಕ್ಷೆಯಲ್ಲಿ ಇಲ್ಲ."

ಮ್ಯಾನೇಜರ ಮುಖ ಕಪ್ಪಿಟ್ಟಿತು. ಅಧಿಕಾರಿ ಮೊದಲ ಸಲ ಪೆನ್ನು ತೆಗೆದರು. ಇನ್ನೇನು, ಅತ್ತೆ ಕಂಪನಿಯವರನ್ನು ಹುರಿದು ಮುಕ್ಕುತ್ತಾಳೆ ಎಂದು ಊರೆಲ್ಲ ತುದಿಗಾಲಲ್ಲಿ ನಿಂತಿದ್ದರೆ, ಅವಳು ಹಗ್ಗ ಸುತ್ತಿಕೊಂಡು ಕೂತುಬಿಟ್ಟಳು.

"ಇನ್ನೂ ಕೇಳ್ರಿ ಅಕ್ಕಾರ," ಎಂದು ಸಾವ್ಕಾರರು ಹಿಂದಿನಿಂದ ತಿವಿದರು.

"ಕೇಳಿದ್ದಕ್ಕ ಹೇಳಿದ್ಲಲ್ಲ. ಮತ್ತೇನು ಕೇಳ್ಲಿ?"

ಸಭೆ ಮುಗಿದ ಮೇಲೆ ಹುಡುಗರು ಕಂಪನಿ ಕಾರನ್ನು ಸುತ್ತುವರಿದು ಧಿಕ್ಕಾರ ಕೂಗತೊಡಗಿದರು. ಮ್ಯಾನೇಜರು ಮೊದಲೇ ಕಾರಿನೊಳಗೆ ಸೇರಿ ಗಾಜು ಏರಿಸಿದ್ದರು. ಹುಡುಗಿ ಹೊರಗೆ ಬಿಸಿಲಲ್ಲಿ ನಿಂತಿದ್ದಳು. ಅತ್ತೆ ಗುಂಪಿನೊಳಗೆ ನುಗ್ಗಿ ಅವಳ ಕೈ ಹಿಡಿದು, "ನಡೀ ತಂಗಿ, ಊಟ ಮಾಡಿ ಹೋಗುವಂತಿ" ಎಂದು ಮನೆಗೆ ಕರೆದುಕೊಂಡು ಹೋದಳು. ವಿರೋಧ ಸಮಿತಿಯ ಅಧ್ಯಕ್ಷೆಯೇ ಎದುರು ಪಾರ್ಟಿಗೆ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದ ವಿಷಯ ಊರಲ್ಲಿ ಎಂಟು ದಿನ ಓಡಾಡಿತು. ಸಮಿತಿ ತುರ್ತು ಸಭೆ ಸೇರಿ ಅವಳನ್ನು ಅಧ್ಯಕ್ಷಸ್ಥಾನದಿಂದ ಇಳಿಸಿತು. ತಿಳಿಸಲು ಹೋದವರಿಗೆ, "ಸಭಾಕ್ಕ ಎಷ್ಟು ಮಂದಿ ಬಂದಿದ್ರಿ? ಸಹಿ ತೋರಸ್ರಿ" ಅಂದಳಂತೆ. ಸಹಿ ಇರಲಿಲ್ಲ. ಮತ್ತೆ ಅಧ್ಯಕ್ಷೆಯಾದಳು.

ಕೆಲವು ತಿಂಗಳಾದ ಮೇಲೆ ಆದೇಶ ಬಂತು. ಯಾರ್ಡು ಗುಡಿಯ ಹಿಂದೆ ಬೇಡ, ಗುಡ್ಡದಾಚೆ ಹೆದ್ದಾರಿ ಪಕ್ಕದ ಬಯಲಿಗೆ ಹೋಗಲಿ ಎಂದು. ದಾರಿ ಅಗಲವಿಲ್ಲ ಎಂಬುದೇ ಕಾರಣ. ಊರಿನವರು ಮಾತ್ರ ಸ್ವಾಮಿಯ ಮಹಿಮೆ ಎಂದು ರುದ್ರಾಭಿಷೇಕ ಮಾಡಿಸಿ, ಸಾವ್ಕಾರರಿಗೆ ಹಾರ ಹಾಕಿದರು. ಅತ್ತೆ ಹೋಗಲಿಲ್ಲ. ನಾನು ಪ್ರಸಾದ ಕಟ್ಟಿಸಿಕೊಂಡು ಅವಳ ಮನೆಗೆ ಹೋದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

ನನಗೆ ಒಂದು ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಕೇಳಿದೆ: "ಅತ್ತಿ, ಆ ಹುಡುಗಿ ಗೊತ್ತಿಲ್ಲ ಅಂದ ಕೂಡಲೇ ಯಾಕ ಕುಂತುಬಿಟ್ಟಿ? ಸೂರ್ಯನ್ನೂ ಬಿಡದಾಕಿ ನೀನು."

ರೊಟ್ಟಿ ಬಡಿಯುವುದು ನಿಲ್ಲಲಿಲ್ಲ.

"ನಿಮ್ಮ ಮಾವ ತೀರಿಕೊಂಡ್ರಲ್ಲ, ಅವತ್ತು ಮುಂಜಾನೆ ಅವರಿಗೆ ಎದಿ ಹಿಡಕೊಂಡಂಗ ಆತು. ನಮ್ಮ ಮೈದುನ, ಗ್ಯಾಸ್, ಏನೂ ಆಗಂಗಿಲ್ಲ ಅಂದ. ಮಗ್ಗಲ ಮನಿಯಾಕಿ ಓಡಿಬಂದು ಏನೂ ಆಗಂಗಿಲ್ಲ ಅಂತ ಸೋಡಾ ಕುಡಿಸಿದ್ಲು. ಅವರು ನನ್ನ ಮಾರಿ ನೋಡಿದ್ರು. ಹೊಸಪ್ಯಾಟಿ ದವಾಖಾನಿಗೆ ಹೋಗೂನೇನು ಅಂತ."

ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರಿದಳು.

"ಊರಿನ ಮಂದಿಗೆಲ್ಲ ಎದುರು ಮಾತಾಡಾಕಿ ನಾನು. ಅವತ್ತು ಮಾತ್ರ ಎಲ್ಲಾರು ಅಂದಂಗ ಅಂದೆ. ಏನೂ ಆಗಂಗಿಲ್ಲ, ಹಾಸಿಗಿ ಮ್ಯಾಲ ಮಕ್ಕೋರಿ ಅಂದೆ. ನನಗೇನು ಗೊತ್ತಿತ್ತು ಲೇ? ಗೊತ್ತಿಲ್ಲ ಅಂತ ಒಂದ್ ಮಾತು ಅಂದಿದ್ರ, ಬಸ್ ಹತ್ತತಿದ್ವಿ."

ಹಂಚಿನ ಮೇಲಿನ ರೊಟ್ಟಿ ಒಂದು ಮಗ್ಗಲು ಕರಕಾಯಿತು. ಅದನ್ನು ತೆಗೆದು ತನ್ನ ತಟ್ಟೆಗೆ ಹಾಕಿಕೊಂಡಳು. ಮುಂದಿನದು ಚೆನ್ನಾಗಿ ಉಬ್ಬಿತು. ಅದನ್ನು ನನ್ನ ತಟ್ಟೆಗೆ ಹಾಕಿ, ಸೆರಗಿನಿಂದ ಕಣ್ಣು ಒರೆಸಿಕೊಂಡು, "ಉಣ್ಣು, ಆರತೈತಿ" ಅಂದಳು.