ಕರಗದಂತೆ ಕಾಯ್ದ ಚಪ್ಪರ

ಒಪ್ಪಿಸಿಕೊಂಡ ವಸ್ತುವನ್ನು ಒಪ್ಪಿಸಿಕೊಂಡ ಸ್ಥಿತಿಯಲ್ಲಿಯೇ ಹಿಂದಿರುಗಿಸುವುದು ಸಂಸ್ಕಾರದ ಮೊದಲ ಲಕ್ಷಣವೆಂದು ನಂಬಿ ಬದುಕಿದವನು ನಾನು. ದಾವಣಗೆರೆಯ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಾಗ ಉಳಿದ ಉಪಾಧ್ಯಾಯರು ಸೀಮೆಸುಣ್ಣವನ್ನು ಉಗುರು ಬೋರ್ಡಿಗೆ ತಾಗುವವರೆಗೆ ಸವೆಸುತ್ತಿದ್ದರು; ನಾನು ಅರ್ಧಕ್ಕೇ ನಿಲ್ಲಿಸಿ, ತುಂಡನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನ ಮಾಡುತ್ತಿದ್ದೆ. ಹೆಂಡತಿ ಶಾಂತಲಾಗೆ ವಿಶಾಖಪಟ್ಟಣದ ಕಾರ್ಖಾನೆಗೆ ವರ್ಗವಾಗಿ, ನಾನು ಕೆಲಸ ಬಿಟ್ಟು ಅಲ್ಲಿನ ಮಧುರವಾಡದ ಅಪಾರ್ಟ್‌ಮೆಂಟಿಗೆ ಬಂದಾಗ ಆ ಡಬ್ಬಿಯೂ ಲಾರಿ ಹತ್ತಿ ಬಂದಿತು. "ರೀ, ಇಲ್ಲಿ ಯಾರಿಗೆ ಪಾಠ ಹೇಳ್ತೀರಿ?" ಎಂದು ಅವಳು ಕೇಳಿದಳು. ಆಗಿನ್ನೂ ನಮ್ಮ ಮನೆಗೆ ಸೊಸೆ ಬಂದಿರಲಿಲ್ಲ.

ಸೊಸೆ ಶಿರೀಷಾ ವಿಜಯವಾಡದ ಪಟಮಟದ ಹುಡುಗಿ. ಇಲ್ಲಿಯ ಲ್ಯಾಬೊಂದರಲ್ಲಿ ಮೆತ್ತನೆಯ ಪಾಲಿಮರ್ ತಯಾರಿಸುತ್ತಾಳೆ. ನೋಡಲು ತಾಟಿನುಂಗಿನ ತಿರುಳಿನಂತಿರುತ್ತದೆ. ಲ್ಯಾಬಿನ ವೈರಿಂಗ್ ರಿಪೇರಿಗೆ ಬಂದ ವಾರ, ಅದರ ತುಣುಕುಗಳನ್ನು ಮೈಬಿಸಿಯಷ್ಟೇ ಬೆಚ್ಚಗಿಡುವ ಪುಟ್ಟ ಪೆಟ್ಟಿಗೆಯನ್ನು ಅವಳು ಮನೆಗೆ ತಂದಳು. ತಾನು ಆಸ್ಪತ್ರೆಯ ಮೀಟಿಂಗುಗಳಿಗಾಗಿ ತವರಿಗೆ ಹೊರಡಬೇಕಿದ್ದುದರಿಂದ ಕಾವಲು ನನ್ನ ಪಾಲಿಗೆ ಬಂದಿತು.

"ಅವರೆ ಬಳ್ಳಿಗೆ ಚಪ್ಪರ ಹಾಕ್ತೀವಿ ಕದಾ ಮಾವಯ್ಯಗಾರೂ, ಹಂಗೇ ಇದು. ಗಾಯದಲ್ಲಿ ಇಟ್ರೆ ಹೊಸ ಮಾಂಸ ಇದನ್ನ ಹಿಡ್ಕೊಂಡು ಬೆಳೆಯುತ್ತೆ. ಆಮೇಲೆ ಏನಾಗುತ್ತೆ ಅಂದ್ರೆ..."

"ಚಪ್ಪರ ಅರ್ಥವಾಯಿತಮ್ಮ. ವಿವರಣೆ ಸಾಕು, ಸೂಚನೆ ಹೇಳು," ಎಂದೆ. ನನಗೆ ಅರ್ಥವಾದ ಕ್ಷಣದಲ್ಲಿ ಎದುರಿನವರ ಮಾತು ಮುಗಿಯಿತೆಂದು ಭಾವಿಸುವುದು ತರಗತಿಯಲ್ಲಿ ಬಂದ ಅಭ್ಯಾಸ.

"ಪೆಟ್ಟಿಗೆ ಆನ್ ಇರ್ಬೇಕು, ಅಷ್ಟೇ. ಭಾನುವಾರ ವಿಜಯವಾಡಕ್ಕೆ ತನ್ನಿ. ಮರುದಿನ ಡಾಕ್ಟರ್‌ಗಳು ನೋಡ್ತಾರೆ. ಅವರು ಒಪ್ಪಿದ್ರೇನೇ ಮುಂದಿನ ಪ್ರಯೋಗ. ಇಲ್ಲಾಂದ್ರೆ ನನ್ನ ಇಷ್ಟು ವರ್ಷದ ಕೆಲಸ ಮತ್ತೆ ಮೊದಲಿಂದ."

ಅವಳು ಹೋದ ಮರುದಿನವೇ ಗಾಜಿನ ಮುಚ್ಚಳದಲ್ಲಿ ಇಣುಕಿದೆ. ತುಣುಕುಗಳ ಅಂಚು ಮಸುಕಾಗಿತ್ತು. ಅದರ ಮರುದಿನ ಅವು ತುಸು ಸಣ್ಣಗಾಗಿದ್ದವು. ನನ್ನ ವಶದಲ್ಲಿರುವ ವಸ್ತು ನನ್ನ ಕಣ್ಣೆದುರೇ ಕಡಿಮೆಯಾಗುತ್ತಿದೆ! "ಅವಳನ್ನೇ ಒಂದು ಮಾತು ಕೇಳಬಾರದೇ?" ಎಂದಳು ಶಾಂತಲಾ. ಆದರೆ ಕೇಳುವುದೆಂದರೆ ಕಾವಲುಗಾರನ ಅಯೋಗ್ಯತೆಯನ್ನು ಒಪ್ಪಿಕೊಂಡಂತಲ್ಲವೇ? ನಾನು ಸ್ವಲ್ಪ ಯೋಚಿಸಿ, ತುಣುಕುಗಳ ತಟ್ಟೆಯನ್ನು ಫ್ರಿಜ್ಜಿನೊಳಗೆ, ಗೋಂಗೂರ ಉಪ್ಪಿನಕಾಯಿಯ ಪಕ್ಕದಲ್ಲಿ ಪ್ರತಿಷ್ಠಾಪಿಸಿದೆ. ಸವೆತ ಅಲ್ಲಿಗೇ ನಿಂತಿತು. ಶಿರೀಷಾ ಪ್ರತಿ ಸಂಜೆ ಫೋನ್ ಮಾಡಿ, "ಪೆಟ್ಟಿಗೆ ಆನ್ ಇದೆಯಾ ಮಾವಯ್ಯಗಾರೂ?" ಎಂದು ಕೇಳುತ್ತಿದ್ದಳು. "ಇದೆ," ಎನ್ನುತ್ತಿದ್ದೆ. ಅದು ಸತ್ಯವೇ. ಖಾಲಿ ಪೆಟ್ಟಿಗೆ ಅಷ್ಟೂ ದಿನ ನಿಷ್ಠೆಯಿಂದ ಬೆಚ್ಚಗಿತ್ತು.

ಭಾನುವಾರ ತಟ್ಟೆಯನ್ನು ಐಸ್ ತುಂಬಿದ ಟಿಫಿನ್ ಡಬ್ಬಿಯಲ್ಲಿಟ್ಟು, ವಿಜಯವಾಡದವರೆಗೂ ತೊಡೆಯಿಂದ ಇಳಿಸದೆ ರೈಲಿನಲ್ಲಿ ಕುಳಿತೆ. ಪಟಮಟದ ಮನೆಯಲ್ಲಿ ಬೀಗಿತ್ತಿ ಲೋಟ ಹಿಡಿದು, "ಅನ್ನಯ್ಯಗಾರೂ, ಮುಂದು ಕಾಫೀ ತಾಗಂಡಿ" ಎಂದು, ಮೊದಲು ಕಾಫಿ ಕುಡಿಯಿರೆಂದು ಉಪಚರಿಸಿದರು. ಕಾಫಿಗಿಂತ ಕರ್ತವ್ಯ ದೊಡ್ಡದು. ತಟ್ಟೆಯನ್ನು ಸೊಸೆಯ ಕೈಗಿತ್ತೆ.

ಅವಳು ಅದನ್ನು ಬೆಳಕಿಗೆ ಹಿಡಿದಳು. "ಅಯ್ಯೋ, ಹಂಗೇ ಇದೆಯಲ್ಲಾ!"

"ಹಾಗೆಯೇ ಇದೆ," ಎಂದೆ. ಒಂದೇ ಮಾತಿನಲ್ಲಿ ತಿದ್ದುವುದೂ ಆಯಿತು, ಬೀಗುವುದೂ ಆಯಿತು.

ಶಿರೀಷಾ ಸೋಫಾದ ಮೇಲೆ ಕುಸಿದಳು. ಕಣ್ಣು ತುಂಬಿತ್ತು. "ಇದು ಕರಗಬೇಕಿತ್ತು ಮಾವಯ್ಯಗಾರೂ. ಮಾಂಸ ಬೆಳೆದ ಮೇಲೆ ಚಪ್ಪರ ತಾನಾಗೇ ಮಾಯ ಆಗ್ಬೇಕು, ಮೈಯಲ್ಲಿ ಉಳೀಬಾರದು. ಕರಗಿಲ್ಲ ಅಂದ್ರೆ ನಾನು ಮಾಡಿದ್ದೇ ತಪ್ಪು."

ಓದುಗರೇ, ಸುಮ್ಮನಿದ್ದುಬಿಡುವ ಅವಕಾಶ ನನಗಿತ್ತು. ಬೀಗಿತ್ತಿಯ ಎದುರಿಗೆ ಮರ್ಯಾದೆಯೂ ಉಳಿಯುತ್ತಿತ್ತು. "ಫ್ರಿಜ್ಜಿನಲ್ಲಿಟ್ಟಿದ್ದೆ," ಎಂದೆ, ಮೆಲ್ಲಗೆ.

"ಏನು? ಪೆಟ್ಟಿಗೆ ಆನ್ ಇದೆ ಅಂದ್ರಿ!"

"ಪೆಟ್ಟಿಗೆ ಆನ್ ಇತ್ತಮ್ಮ. ಒಳಗೇನಿದೆ ಎಂದು ನೀನು ಕೇಳಲಿಲ್ಲ."

ಶಿರೀಷಾ ತಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಆಮೇಲೆ ಅವಳು ಹೊಟ್ಟೆ ಹಿಡಿದು ನಕ್ಕಳು. "ಅಮ್ಮಯ್ಯ! ಹಂಗಾದ್ರೆ ನಂದು ಇನ್ನೂ ಫೇಲ್ ಆಗಿಲ್ಲ. ಫೇಲ್ ಆಗಿದ್ದು ನೀವು!" ಬೀಗಿತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಾಫಿ ಆರಿಹೋಗಿತ್ತು, ಕುಡಿದೆ.

ಡಾಕ್ಟರ್‌ಗಳು ಪುಣ್ಯಾತ್ಮರು, ಇನ್ನೊಂದು ತಾರೀಖು ಕೊಟ್ಟರು. ಹೊಸ ತುಣುಕುಗಳು ಅದೇ ಪೆಟ್ಟಿಗೆಯಲ್ಲಿ, ಈ ಬಾರಿ ಶಾಂತಲಾಳ ಕಾವಲಿನಲ್ಲಿ ಕರಗತೊಡಗಿದವು. ನನಗೆ ಗಾಜಿನಾಚೆಯಿಂದ ನೋಡುವ ಅಧಿಕಾರ ಮಾತ್ರ. ವಸ್ತುವೊಂದು ಇಲ್ಲವಾಗಲಿ ಎಂದು ದೇವರಿಗೆ ಕೈಮುಗಿದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಕೊನೆಗೆ ತಟ್ಟೆ ಬರಿದಾದ ದಿನ ಶಿರೀಷಾ ಮನೆತುಂಬ ಕುಣಿದಳು. ಡಾಕ್ಟರ್‌ಗಳೂ ಒಪ್ಪಿದರು.

ಆ ಉತ್ಸಾಹದಲ್ಲಿ ನಾನು ಸೀಮೆಸುಣ್ಣದ ಡಬ್ಬಿಯನ್ನು ತೆಗೆದು, ಬಾಗಿಲ ಮುಂದೆ ರಂಗೋಲಿ ಎಳೆದುಕೋ ಎಂದು ಶಾಂತಲಾಳಿಗೆ ಕೊಟ್ಟುಬಿಟ್ಟೆ. ಅವಳು ಒಂದೊಂದನ್ನೂ ಉಗುರು ನೆಲಕ್ಕೆ ತಾಗುವವರೆಗೆ ಸವೆಸುತ್ತಿದ್ದಾಳೆ. ನಾನು ನೋಡಿಯೂ ಸುಮ್ಮನಿದ್ದೇನೆ. ಎಲ್ಲಕ್ಕಿಂತ ಉದ್ದದ ಒಂದು ತುಂಡನ್ನು ಮಾತ್ರ ತೆಗೆದಿರಿಸಿಕೊಂಡಿದ್ದೇನೆ. ಎಲ್ಲಿ ಎಂದು ಕೇಳಬೇಡಿ. ಫ್ರಿಜ್ಜಿನಲ್ಲಿ ಅಲ್ಲ.